ಇನ್‌ಟೇಕ್ ಕಿಟ್ ಕೂರಿಸಿದ ಮೇಲೆ ಗಾಡಿ ಸತಾಯಿಸಿದರೆ: ಬಳ್ಳಾರಿ ಸೀಮೆಯ ಬಿಸಿಲು, ಧೂಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಸ್ಟಾಕ್ ಏರ್‌ಬಾಕ್ಸ್ (ಕಂಪನಿಯೇ ಕೊಟ್ಟ ಗಾಳಿ ಫಿಲ್ಟರಿನ ಡಬ್ಬಿ) ಬಿಚ್ಚಿ, ಅಲ್ಯೂಮಿನಿಯಂ ಪೈಪು ಮತ್ತು ಕೋನ್ ಫಿಲ್ಟರ್ ಕೂರಿಸಿದ ಗಾಡಿ ವಾರದೊಳಗೆ ಗ್ಯಾರೇಜಿಗೆ ವಾಪಸ್ ಬಂದರೆ ದೂರು ಹೆಚ್ಚುಕಡಿಮೆ ಇವೇ. ಚೆಕ್ ಲೈಟ್ ಹೊತ್ತಿಕೊಂಡಿದೆ. ಐಡಲ್ (ಕಾಲು ಒತ್ತದೆ ಇಂಜಿನ್ ತಿರುಗುವ ವೇಗ) ಏರುತ್ತದೆ, ಇಳಿಯುತ್ತದೆ. "ಸಿಗ್ನಲ್ಲಾಗ ನಿಂತ್ರ ಬಂದ್ ಬೀಳ್ತೈತ್ರಿ." ಬೆಳಿಗ್ಗೆ ಚಲೋ ಓಡಿದ ಗಾಡಿ ಮಧ್ಯಾಹ್ನ ಎರಡರ ಬಿಸಿಲಿಗೆ ಪಿಕಪ್ಪೇ ಇಲ್ಲದಂತೆ ಎಳೆಯುತ್ತದೆ. ಕಿಟ್ ಡೂಪ್ಲಿಕೇಟ್ ಎಂದು ಬೈಯುವುದಕ್ಕೂ, ನೇರವಾಗಿ ಹೊಸ ಸೆನ್ಸರ್ ತರಿಸುವುದಕ್ಕೂ ಮುಂಚೆ ಒಂದು ವಿಷಯ ಗಮನದಲ್ಲಿರಲಿ. ಬಹಳಷ್ಟು ಸಲ ಯಾವ ಪಾರ್ಟೂ ಕೆಟ್ಟಿರುವುದಿಲ್ಲ. ಇಂಜಿನ್ ಎಳೆದುಕೊಳ್ಳುವ ಗಾಳಿಗೂ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಎಣಿಸುವ ಗಾಳಿಗೂ ತಾಳೆ ತಪ್ಪಿರುತ್ತದೆ, ಅಷ್ಟೆ. ಎಲ್ಲಿ ತಪ್ಪಿತು ಎಂಬುದನ್ನು ಸ್ಕ್ಯಾನರಿನ ನಾಲ್ಕು ಅಂಕಿಗಳು ಹೇಳುತ್ತವೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಲೈವ್ ಡೇಟಾ ತೋರಿಸುವ ಓಬಿಡಿ ಅಡಾಪ್ಟರ್ (ಇಸಿಯು ಅಂಕಿಗಳನ್ನು ಓದುವ ಸ್ಕ್ಯಾನರ್), ಮಲ್ಟಿಮೀಟರ್, 7 ಮತ್ತು 8 ಮಿ.ಮೀ. ನಟ್ ಡ್ರೈವರ್, 10ರ ಪಾನಾ, ಟಿ25 ಬಿಟ್, ಮ್ಯಾಫ್ (ಗಾಳಿ ಅಳೆಯುವ ಸೆನ್ಸರ್) ಕ್ಲೀನರ್ ಸ್ಪ್ರೇ, ಐಸೊಪ್ರೊಪೈಲ್ ಆಲ್ಕೋಹಾಲ್, ಬಿಳಿ ಹತ್ತಿ ಬಟ್ಟೆ, ಸಣ್ಣ ಟಾರ್ಚು, ಒಂದು ಕಟ್ಟು ಊದಿನಕಡ್ಡಿ.

ಬಿಚ್ಚುವ ಮೊದಲು

ಬ್ಯಾಟರಿ ಟರ್ಮಿನಲ್ ಕೀಳಬೇಡಿ. ಚೆಕ್ ಲೈಟ್ ಆರಿಸಲು ನಮ್ಮಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಇದೇ, ಸುಳಿವು ಅಳಿಸಿಹೋಗುವುದೂ ಇದರಿಂದಲೇ. ದೋಷದ ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ಲೋಡ್, ತಾಪಮಾನ, ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲಿನಲ್ಲಿ ಮಾಡಿಕೊಳ್ಳುವ ಶೇಕಡಾವಾರು ಹೆಚ್ಚುಕಡಿಮೆ) ಎಲ್ಲವನ್ನೂ ಇಸಿಯು ಫ್ರೀಜ್ ಫ್ರೇಮ್‌ನಲ್ಲಿ ಹಿಡಿದಿಟ್ಟಿರುತ್ತದೆ. ಮೊದಲು ಅದರ ಫೋಟೊ ತೆಗೆದುಕೊಳ್ಳಿ.

ಆಮೇಲೆ ಗಾಡಿ ಗಾಳಿಯನ್ನು ಹೇಗೆ ಅಳೆಯುತ್ತದೆ ಎಂದು ನೋಡಿಕೊಳ್ಳಿ. ಫಿಲ್ಟರ್ ದಾಟಿದ ಪೈಪಿನ ಮೇಲೆ ನಾಲ್ಕೈದು ವೈರಿನ ಸೆನ್ಸರ್ ಕೂತಿದ್ದರೆ ಅದು ಮ್ಯಾಫ್. ಒಳಗಿನ ಕಾದ ತಂತಿಯ ಮೇಲೆ ಹಾಯುವ ಗಾಳಿಯ ತೂಕವನ್ನು ಅದು ಲೆಕ್ಕ ಹಾಕುತ್ತದೆ. ಪೈಪಿನ ಮೇಲೆ ಅಂಥದ್ದಿಲ್ಲದೆ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಮೇಲೆ ಮಾತ್ರ ಸೆನ್ಸರ್ ಇದ್ದರೆ ಅದು ಮ್ಯಾಪ್ ಲೆಕ್ಕದ ಗಾಡಿ. ಒತ್ತಡ ಮತ್ತು ತಾಪಮಾನ ನೋಡಿ ಗಾಳಿಯನ್ನು ಅಂದಾಜು ಮಾಡುತ್ತದೆ. ಈ ವ್ಯತ್ಯಾಸ ತಿಳಿಯದೆ ಕೆಲಸಕ್ಕಿಳಿದರೆ ಇಡೀ ದಿನ ದಂಡ. ಮ್ಯಾಫ್ ಗಾಡಿಯಲ್ಲಿ ಸೆನ್ಸರ್ ಮತ್ತು ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಕವಾಟ) ನಡುವೆ ಚಿಕ್ಕ ಸಂದಿಯಿದ್ದರೂ ಲೀನ್, ಅಂದರೆ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ ಎಂಬ, ಕೋಡ್ ಬರುತ್ತದೆ. ಮ್ಯಾಪ್ ಗಾಡಿಯಲ್ಲಿ ಅದೇ ಸಂದಿಯಿಂದ ಪೆಟ್ರೋಲ್ ಲೆಕ್ಕ ಕೆಡುವುದಿಲ್ಲ, ಧೂಳು ಮಾತ್ರ ಒಳಗೆ ಹೋಗುತ್ತದೆ. ಲೈಟ್ ಹೊತ್ತದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಎರಡನೆಯದೇ ಹೆಚ್ಚು ಅಪಾಯ.

ಸ್ಟಾಕ್ ಬಾಕ್ಸನ್ನು ಗುಜರಿಗೆ ಹಾಕಿಲ್ಲ ತಾನೆ? ಅದನ್ನು ಮತ್ತೆ ಕೂರಿಸಿ ಓಡಿಸುವುದಕ್ಕಿಂತ ಖಚಿತವಾದ ಪರೀಕ್ಷೆ ಇಲ್ಲ. ಅದು ಕೂತ ಮೇಲೂ ದೋಷ ಉಳಿದರೆ ಕಿಟ್‌ನದು ತಪ್ಪಲ್ಲ. ಆಗ ಬಿಚ್ಚುವಾಗ ಮುರಿದಿರಬಹುದಾದ ವ್ಯಾಕ್ಯೂಮ್ ನಳಿಕೆ ಹುಡುಕಿ. ಏಳೆಂಟು ಬೇಸಿಗೆ ಕಂಡ ಪ್ಲಾಸ್ಟಿಕ್ ನಳಿಕೆಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತವೆ, ಅದೂ ಕಣ್ಣಿಗೆ ಬೀಳದ ಕೆಳಬದಿಯಲ್ಲಿ.

ಇಂಜಿನ್ ಚಾಲೂ ಮಾಡದೆ ಎರಡು ಅಂಕಿ

ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಕೀ ಆನ್ ಮಾಡಿ, ಇಂಜಿನ್ ಚಾಲೂ ಮಾಡಬೇಡಿ. ಕೂಲಂಟ್ ತಾಪಮಾನ ಮತ್ತು ಒಳಗಾಳಿಯ ತಾಪಮಾನ, ಅಂದರೆ ಐಎಟಿ, ಹೆಚ್ಚೆಂದರೆ ಮೂರ್ನಾಲ್ಕು ಡಿಗ್ರಿ ಅಂತರದಲ್ಲಿರಬೇಕು. ಐಎಟಿ ಮೈನಸ್ 40 ತೋರಿಸಿದರೆ ಸೆನ್ಸರಿನ ಸರ್ಕ್ಯೂಟ್ ತೆರೆದಿದೆ. ಪಿ0113 ಕೋಡ್ ಅದೇ. ಕನೆಕ್ಟರ್ ಹಾಕುವುದನ್ನು ಮರೆತಿದ್ದಾರೆ ಅಥವಾ ವೈರ್ ಕಿತ್ತಿದೆ. 130ರ ಮೇಲೆ ತೋರಿಸಿದರೆ ಶಾರ್ಟ್, ಪಿ0112.

ಮ್ಯಾಪ್ ಸೆನ್ಸರ್ ಇದ್ದರೆ ಅದೇ ಹೊತ್ತಿಗೆ ಅದನ್ನೂ ಓದಿ. ಪುಸ್ತಕದಲ್ಲಿರುವ 101 ಕಿಲೋಪಾಸ್ಕಲ್ ಸಮುದ್ರಮಟ್ಟದ ಲೆಕ್ಕ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಸುಮಾರು 400ರಿಂದ 530 ಮೀಟರ್ ಎತ್ತರದಲ್ಲಿವೆ, ಇಲ್ಲಿ 94ರಿಂದ 97 ಬಂದರೆ ಸರಿಯೇ. "ನಾಲ್ಕೈದು ಕಡಿಮಿ ತೋರಸ್ತೈತಿ" ಎಂದು ಸರಿಯಿರುವ ಸೆನ್ಸರನ್ನು ಬದಲಿಸಬೇಡಿ.

ಲೀನ್ ಕೋಡ್: ಪಿ0171, ಪಿ0174

ಕಿಟ್ ಹಾಕಿದ ಮೇಲೆ ಅತಿ ಹೆಚ್ಚು ಬರುವುದು ಇದೇ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂದು ಆಕ್ಸಿಜನ್ ಸೆನ್ಸರ್ ಹೇಳುತ್ತದೆ, ಇಸಿಯು ಪೆಟ್ರೋಲ್ ಏರಿಸುತ್ತ ಹೋಗುತ್ತದೆ. ಶಾರ್ಟ್ ಮತ್ತು ಲಾಂಗ್ ಟ್ರಿಮ್ (ಆ ಕ್ಷಣದ ತಿದ್ದುಪಡಿ, ಕಲಿತಿಟ್ಟ ತಿದ್ದುಪಡಿ) ಎರಡನ್ನೂ ಕೂಡಿಸಿ ನೋಡಿ. ಮೊತ್ತ ಪ್ಲಸ್ ಅಥವಾ ಮೈನಸ್ 5ರೊಳಗಿದ್ದರೆ ಆರೋಗ್ಯ, 10 ದಾಟಿದರೆ ಅನುಮಾನ. ಸಾಮಾನ್ಯವಾಗಿ ಪ್ಲಸ್ 20–25ರ ಹತ್ತಿರ ಲೈಟ್ ಹೊತ್ತುತ್ತದೆ.

ಅಂಕಿ ಎಷ್ಟು ಎನ್ನುವುದಕ್ಕಿಂತ ಅದು ಹೇಗೆ ಓಡಾಡುತ್ತದೆ ಎನ್ನುವುದು ಮುಖ್ಯ. ಇಂಜಿನ್ ಪೂರ್ತಿ ಬಿಸಿಯಾಗಲಿ, ಎಸಿ ಬಂದ್ ಇರಲಿ. ಐಡಲ್‌ನಲ್ಲಿ ಎರಡು ನಿಮಿಷ, ಆಮೇಲೆ 2,500 ಆರ್‌ಪಿಎಂ ಹಿಡಿದು ಎರಡು ನಿಮಿಷ ನೋಡಿ.

ಐಡಲ್‌ನಲ್ಲಿ ಪ್ಲಸ್ 20 ಇದ್ದದ್ದು 2,500ಕ್ಕೆ 4–5ಕ್ಕೆ ಇಳಿದರೆ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಗಾಳಿ ಕದಿಯುತ್ತಿದೆ: ಬ್ರೇಕ್ ಬೂಸ್ಟರ್ ನಳಿಕೆ, ಪರ್ಜ್ ವಾಲ್ವಿನ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ಕವಾಟ) ನಳಿಕೆ, ಪಿಸಿವಿ (ಕ್ರ್ಯಾಂಕ್‌ಕೇಸಿನ ಆವಿ ಎಳೆಯುವ ಕವಾಟ). ಐಡಲ್‌ನಲ್ಲಿ ಇಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ.

ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಪ್ಲಸ್ ಇದ್ದರೆ ಮ್ಯಾಫ್ ಕಡಿಮೆ ಎಣಿಸುತ್ತಿದೆ. ಇದಕ್ಕೆ ಮೊದಲ ಕಾರಣ ಪೈಪಿನ ಅಳತೆ. ಸ್ಟಾಕ್ ಸೆನ್ಸರ್ ಕೂರುವ ಕಡೆ ಒಳವ್ಯಾಸ 70 ಮಿ.ಮೀ., ಕಿಟ್‌ನದು 76 ಎಂದುಕೊಳ್ಳಿ. ನೋಡಲು ಆರೇ ಮಿಲಿಮೀಟರ್. ಆದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ: 76ರ ವರ್ಗವನ್ನು 70ರ ವರ್ಗದಿಂದ ಭಾಗಿಸಿದರೆ 1.18. ಅಷ್ಟೇ ಗಾಳಿ ಅಗಲವಾದ ಪೈಪಿನಲ್ಲಿ ನಿಧಾನಕ್ಕೆ ಹಾಯುತ್ತದೆ, ಮ್ಯಾಫ್ ಸುಮಾರು 15 ಶೇಕಡ ಕಡಿಮೆ ಓದುತ್ತದೆ, ಟ್ರಿಮ್ ಪ್ಲಸ್ 18ಕ್ಕೆ ಹೋಗಿ ಕೂರುತ್ತದೆ. ಯಾವ ಕ್ಲಾಂಪ್ ಬಿಗಿದರೂ ಇದು ಇಳಿಯುವುದಿಲ್ಲ. ಇಸಿಯು ಟ್ಯೂನ್ ಮಾಡಿಸಿ ಅದರ ಲೆಕ್ಕ ಬದಲಿಸಬೇಕು ಅಥವಾ ಸ್ಟಾಕ್ ಅಳತೆಯ ಸೆನ್ಸರ್ ಹೌಸಿಂಗ್ ಇರುವ ಕಿಟ್ ಹಾಕಬೇಕು. 5.0 ಲೀಟರಿನ ವಿ8 ಮಸ್ಟಾಂಗ್‌ಗೆ ಎರಡೂ ಬಗೆಯ ಕಿಟ್ ಸಿಗುತ್ತವೆ, ಟ್ಯೂನ್ ಬೇಡದವು ಮತ್ತು ಟ್ಯೂನ್ ಕಡ್ಡಾಯವಾದವು. ಬಾಕ್ಸಿನ ಮೇಲೆ ಬರೆದಿದ್ದನ್ನು ಓದದೆ ಎರಡನೆಯದನ್ನು ಟ್ಯೂನ್ ಇಲ್ಲದೆ ಓಡಿಸಿದರೆ ಫುಲ್ ಥ್ರಾಟಲ್‌ನಲ್ಲಿ ಪೆಟ್ರೋಲ್ ಸಾಲದೆ ನಾಕಿಂಗ್ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಸಿಡಿದು ಕೇಳುವ ಕಟಕಟ ಬಡಿತ) ಬರುತ್ತದೆ. ಅಳತೆಯನ್ನು ಕೈಯಂದಾಜಿನಲ್ಲಿ ಹೇಳಬೇಡಿ, ವರ್ನಿಯರ್ ಹಿಡಿದು ಒಳವ್ಯಾಸವನ್ನೇ ಅಳೆಯಿರಿ.

ಐಡಲ್‌ನಲ್ಲಿ ಸರಿಯಿದ್ದು ಅಥವಾ ತುಸು ಮೈನಸ್ ಇದ್ದು, ಕಾಲು ಒತ್ತಿದಂತೆ ಪ್ಲಸ್ ಏರುತ್ತ ಹೋದರೆ ಮ್ಯಾಫ್ ತಂತಿಗೆ ಕೊಳೆ ಹತ್ತಿದೆ, ಇಲ್ಲವೆ ಪೆಟ್ರೋಲ್ ಪಂಪ್ ಸೋತಿದೆ. ಪಂಪಿಗೂ ಕಿಟ್‌ಗೂ ಸಂಬಂಧವಿಲ್ಲ, ಆದರೆ ಕಿಟ್ ಹಾಕಿದ ಖುಷಿಗೆ ಜನ ಜೋರಾಗಿ ಓಡಿಸುತ್ತಾರೆ, ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ಬಡ ಪಂಪು ಆಗ ಸಿಕ್ಕಿಬೀಳುತ್ತದೆ.

ಮ್ಯಾಫ್ ಓದುವ ಅಂಕಿಗೊಂದು ಒರಟು ಅಳತೆಗೋಲಿದೆ. ಬಿಸಿ ಇಂಜಿನ್ ಐಡಲ್‌ನಲ್ಲಿ ಪ್ರತಿ ಲೀಟರ್ ಸಾಮರ್ಥ್ಯಕ್ಕೆ ಸೆಕೆಂಡಿಗೆ 1 ಗ್ರಾಂ, ಅದಕ್ಕಿಂತ ತುಸು ಹೆಚ್ಚು. 2 ಲೀಟರಿನ ಇಂಜಿನ್ 2ರಿಂದ 4ರ ನಡುವೆ ಇರಬೇಕು. 1.2 ತೋರಿಸಿದರೆ ಗಾಳಿ ಬೇರೆ ದಾರಿಯಿಂದ ಒಳಗೆ ಹೋಗುತ್ತಿದೆ ಎಂದರ್ಥ.

ಕಳ್ಳಗಾಳಿ ಹುಡುಕುವುದು

ಸ್ಮೋಕ್ ಮಷೀನ್ ಇದ್ದರೆ ಫಿಲ್ಟರ್ ತುದಿ ಮುಚ್ಚಿ, ಅರ್ಧದಿಂದ 1 ಪಿಎಸ್‌ಐ ಒತ್ತಡದಲ್ಲಿ ಹೊಗೆ ಬಿಡಿ. ಜಾಸ್ತಿ ಕೊಟ್ಟರೆ ಬೇಗ ಸಿಗುತ್ತದೆ ಎಂದು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಜೋಡಿಸಿದರೆ ಕ್ರ್ಯಾಂಕ್ ಸೀಲ್ ಹಾರುತ್ತದೆ.

ಮಷೀನ್ ಇಲ್ಲದ ಕಡೆ ಊದಿನಕಡ್ಡಿ ಸಾಕು, ಆದರೆ ಪೆಟ್ರೋಲ್ ವಾಸನೆ ಒಂದಿಷ್ಟೂ ಇರಬಾರದು. ಗಾಳಿ ಬೀಸದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ಸೈಲೆನ್ಸರ್ ಹೊಗೆ ಒಳಗೆ ನಿಲ್ಲದಂತೆ ಬಾಗಿಲು ಪೂರ್ತಿ ತೆರೆದಿರಲಿ, ಸೀಲಿಂಗ್ ಫ್ಯಾನ್ ಬಂದ್ ಮಾಡಿ. ಇಂಜಿನ್ ಐಡಲ್‌ನಲ್ಲಿರಲಿ. ರೇಡಿಯೇಟರ್ ಫ್ಯಾನ್ ತಿರುಗತೊಡಗಿದರೆ ಅದು ನಿಲ್ಲುವ ತನಕ ಕಾಯಬೇಕು. ಕಡ್ಡಿಯ ತುದಿಯನ್ನು ಜೋಡಣೆಯಿಂದ ಎರಡು ಬೆರಳು ದೂರ ಹಿಡಿದು ನಿಧಾನಕ್ಕೆ ಸುತ್ತ ಸರಿಸಿ. ಸಂದಿಯಿಲ್ಲದ ಕಡೆ ಹೊಗೆ ನೆಟ್ಟಗೆ, ದಾರದಂತೆ ಮೇಲೇರುತ್ತದೆ. ಸಂದಿ ಬಂದಲ್ಲಿ ಆ ದಾರ ಒಮ್ಮೆಲೆ ಮುರಿದು ಪೈಪಿನ ಕಡೆಗೆ ಬಾಗಿ ಮಾಯವಾಗುತ್ತದೆ. ಮ್ಯಾನಿಫೋಲ್ಡ್ ಕಡೆ ಇದು ಸ್ಪಷ್ಟವಾಗಿ ಕಾಣುತ್ತದೆ, ಅಲ್ಲಿ ಎಳೆತ ಜೋರು. ಫಿಲ್ಟರ್ ಮತ್ತು ಥ್ರಾಟಲ್ ನಡುವೆ ಎಳೆತ ತೀರಾ ಕಡಿಮೆ, ಹೊಗೆ ಬಾಗದೆ ಇರಬಹುದು. ಆ ಭಾಗಕ್ಕೆ ಬೇರೆ ಉಪಾಯ: ಪೈಪ್ ಬಿಚ್ಚಿ, ಕಪ್ಲರ್ (ಪೈಪು ಜೋಡಿಸುವ ಸಿಲಿಕಾನ್ ತೋಳು) ಸಮೇತ ಕತ್ತಲಲ್ಲಿಟ್ಟು ಒಳಗೆ ಟಾರ್ಚ್ ಬಿಡಿ. ವೆಲ್ಡಿಂಗಿನ ಸೂಜಿತೂತು, ಗ್ರೊಮೆಟ್ (ಸೆನ್ಸರ್ ಕೂರುವ ರಬ್ಬರ್ ಬಳೆ) ಪಕ್ಕದ ಸಂದಿ ಮಿಣುಕುತ್ತವೆ.

ಸಂದಿ ಸಿಗುವ ಜಾಗಗಳು ಹೆಚ್ಚಿನ ಸಲ ಇವೇ. ಕಪ್ಲರಿನ ಕೆಳಬದಿ: ಕಪ್ಲರ್ ಪೈಪಿನ ಮೇಲೆ ಕನಿಷ್ಠ 25 ಮಿ.ಮೀ. ಏರಿರಬೇಕು, ಕ್ಲಾಂಪ್ ಪೈಪಿನ ಉಬ್ಬುಗೆರೆ ದಾಟಿ ಒಳಗೆ ಕೂರಬೇಕು. ಉಬ್ಬುಗೆರೆಯ ಮೇಲೇ ಬಿಗಿದರೆ ಎರಡು ದಿನಕ್ಕೆ ಜಾರುತ್ತದೆ. ಐಎಟಿ ಸೆನ್ಸರಿನ ಗ್ರೊಮೆಟ್: ಸೋಪಿನ ನೀರು ಹಚ್ಚಿ ಕೂರಿಸದಿದ್ದರೆ ಒಳತುಟಿ ಮಡಚಿಕೊಳ್ಳುತ್ತದೆ. ಮ್ಯಾಫ್ ಓ-ರಿಂಗ್: ಹಳೆ ಬಾಕ್ಸಿನಲ್ಲೇ ಉಳಿದುಬಿಟ್ಟಿರುತ್ತದೆ. ಕೊನೆಯದು ಬ್ರೀದರ್ ನಳಿಕೆ, ಕ್ರ್ಯಾಂಕ್‌ಕೇಸಿಗೆ ಗಾಳಿ ಕೊಡುವುದು. ಕಿಟ್‌ನ ಪೈಪಿನಲ್ಲಿ ಅದಕ್ಕೆ ಮೂತಿ ಇಲ್ಲವೆಂದು ನಳಿಕೆಯ ತುದಿಗೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಬಿಡುವ ಚಾಳಿ ಇದೆ. ಮ್ಯಾಫ್ ಗಾಡಿಯಲ್ಲಿ ಇದು ನೇರವಾಗಿ ಲೆಕ್ಕಕ್ಕೆ ಸಿಗದ ಗಾಳಿಗೆ ಬಾಗಿಲು: ಪಿಸಿವಿ ಕ್ರ್ಯಾಂಕ್‌ಕೇಸಿನಿಂದ ಎಳೆದಷ್ಟೂ ಗಾಳಿ ಈ ಪುಟ್ಟ ಫಿಲ್ಟರಿನಿಂದ, ಮ್ಯಾಫ್ ನೋಡದೆಯೇ, ಒಳಗೆ ಬರುತ್ತದೆ. ಮ್ಯಾಫ್ ದಾಟಿದ ಜಾಗದಲ್ಲಿ ಪೈಪಿಗೆ ಮೂತಿ ಹಾಕಿಸಿ ನಳಿಕೆ ಜೋಡಿಸಿ.

ಕ್ಲಾಂಪನ್ನು ಏರ್ ಗನ್ನಿನಿಂದ ಬಿಗಿಯಬೇಡಿ. ಕೈ ನಟ್ ಡ್ರೈವರಿನಲ್ಲಿ, ಪಟ್ಟಿಯ ಎರಡೂ ಅಂಚಿಗೆ ಸಿಲಿಕಾನ್ ತುಸು ಉಬ್ಬಿದಾಗ ನಿಲ್ಲಿಸಿ. ಕಪ್ಲರ್ ಒಳಗೂ ಪೈಪಿನ ತುದಿಗೂ ಎಣ್ಣೆಪಸೆ ಇರಬಾರದು, ಐಸೊಪ್ರೊಪೈಲ್‌ನಿಂದ ಒರೆಸಿ ಒಣಗಿಸಿ.

ಐಡಲ್ ಕುಣಿತ, ಸಿಗ್ನಲ್ಲಲ್ಲಿ ಬಂದ್ ಬೀಳುವುದು

ಟ್ರಿಮ್ ಸರಿಯಿದ್ದೂ ಐಡಲ್ ಕುಣಿದರೆ ಮ್ಯಾಫ್ ಕೂತ ಜಾಗ ನೋಡಿ. ಬಾಗಿನ ಹತ್ತಿರವೇ ಕೂರಿಸಿದ್ದರೆ ಅಲ್ಲಿ ಗಾಳಿ ಸುಳಿಸುಳಿಯಾಗಿ ಹಾಯುತ್ತದೆ, ಓದುವ ಅಂಕಿ ನಿಲ್ಲುವುದೇ ಇಲ್ಲ. ಸೆನ್ಸರಿಗಿಂತ ಮುಂಚೆ ಸುಮಾರು 10 ಸೆಂ.ಮೀ. ನೇರ ಪೈಪ್ ಬೇಕು. ಸ್ಟಾಕ್ ಹೌಸಿಂಗಿನಲ್ಲಿ ಜೇನುಗೂಡಿನಂಥ ಜಾಲರಿ ಇದ್ದರೆ ಅದು ಗಾಳಿಯನ್ನು ಸಾಪು ಮಾಡಲು ಇಟ್ಟದ್ದು, "ಅಡ್ಡ ಐತಿ" ಎಂದು ಕಿತ್ತು ಬಿಸಾಡುವ ವಸ್ತುವಲ್ಲ. ಸೆನ್ಸರಿನ ಬಾಣದ ಗುರುತು ಇಂಜಿನ್ ಕಡೆಗೆ ತೋರಿಸುತ್ತಿದೆಯೇ ಎಂದೂ ನೋಡಿ, ತಿರುಗಿಸಿ ಹಾಕಿದ್ದೂ ಉಂಟು.

ಟರ್ಬೊ ಗಾಡಿ ಆಕ್ಸಿಲರೇಟರ್ ಬಿಟ್ಟ ಕೂಡಲೆ ಗಕ್ಕನೆ ಬಂದ್ ಬಿದ್ದರೆ, ಕಿಟ್ ಜೊತೆಗೆ ಬ್ಲೋ ಆಫ್ ವಾಲ್ವನ್ನೂ ಹಾಕಿಸಿದ್ದೀರಾ ಎಂದು ಕೇಳಿ. ಮ್ಯಾಫ್ ಆಗಲೇ ಎಣಿಸಿದ ಗಾಳಿಯನ್ನು ಅದು ಹೊರಗೆ ಉಗುಳುತ್ತದೆ, ಆ ಗಾಳಿಯ ಪೆಟ್ರೋಲ್ ಮಾತ್ರ ಒಳಗೆ ಹೋಗಿ ಇಂಜಿನ್ ಕ್ಷಣಕಾಲ ಉಸಿರುಗಟ್ಟುತ್ತದೆ. ಸ್ಟಾಕ್‌ನಂತೆ ವಾಪಸ್ ಪೈಪಿಗೇ ಜೋಡಿಸಿದರೆ ಮುಗಿಯಿತು. ಆ 'ಪ್ಸ್' ಸದ್ದಿನ ಆಸೆ ಬಿಡಬೇಕಾಗುತ್ತದೆ.

ಗುಂಡಿಗೆ ಬಿದ್ದಾಗ ಮಾತ್ರ ಬಂದ್ ಬಿದ್ದು ಪಿ0102 ಕೋಡ್ ಬಂದರೆ ವೈರಿಂಗ್. ಮ್ಯಾಫ್ ಜಾಗ ಬದಲಾದಾಗ ವೈರ್ ಉದ್ದ ಮಾಡಿ, ತಿರುಚಿ ಟೇಪ್ ಸುತ್ತಿರುತ್ತಾರೆ. ಬಾನೆಟ್ ಒಳಗಿನ ಕಾವಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕಿ. ಇಂಜಿನ್ ಓಡುವಾಗ ಸೆನ್ಸರಿನ ಅರ್ತ್ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಸಿಕ್ಕರೆ ಜಾಯಿಂಟ್ ಇನ್ನೂ ಕೆಟ್ಟಿದೆ.

ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಕಡಿಮೆ: ಪಿ0299

ಟರ್ಬೊದ ನಂತರದ ಪೈಪನ್ನು ಕೆಲಸದ ವೇಳೆ ಬಿಚ್ಚಿದ್ದರೆ ಅದರ ಕ್ಲಿಪ್ ಪೂರ್ತಿ ಕೂತಿಲ್ಲ. ಬಿಚ್ಚಿಲ್ಲದಿದ್ದರೆ ಟರ್ಬೊಗಿಂತ ಮುಂಚಿನ, ಫಿಲ್ಟರ್ ಕಡೆಯ ಸಿಲಿಕಾನ್ ಹೋಸ್ ನೋಡಿ: ಒಳಗೆ ತಂತಿಸುರುಳಿ ಇಲ್ಲದ ಅಗ್ಗದ ಹೋಸ್ ಹೆಚ್ಚು ಆರ್‌ಪಿಎಂನಲ್ಲಿ ಹೀರುವಿಕೆಗೆ ಚಪ್ಪಟೆಯಾಗುತ್ತದೆ. ನಿಂತಾಗ ದುಂಡಗೇ ಕಾಣುವುದರಿಂದ ಕೈಗೆ ಸಿಗುವುದಿಲ್ಲ. ಬಿಸಿಯಾದಾಗ ಹಿಂಡಿ ನೋಡಿ, ಎರಡು ಬೆರಳಿಗೆ ಬಗ್ಗಿದರೆ ಬದಲಿಸಿ. ಟರ್ಬೊ ಬಾಯಿಗೆ ತುರುಕಿದ್ದ ಬಟ್ಟೆ ತೆಗೆದಿರಾ ಎನ್ನುವುದನ್ನೂ ಕೇಳಲೇಬೇಕು, ಮುಜುಗರವಾದರೂ.

ಮಧ್ಯಾಹ್ನ ಪಿಕಪ್ ಹೋಗುವುದು

ಕೋಡ್ ಇಲ್ಲ, ಟ್ರಿಮ್ ಸರಿ, ಸ್ಟಾಕ್‌ಗಿಂತ ನಿಧಾನ. ಇದು ಬಿಸಿಗಾಳಿ. 42 ಡಿಗ್ರಿಯ ಹೊರಗಾಳಿ ಬಿಟ್ಟು ಬಾನೆಟ್ ಒಳಗಿನ 62 ಡಿಗ್ರಿಯದನ್ನು ಎಳೆದರೆ ಗಾಳಿಯ ಸಾಂದ್ರತೆಯೇ 6 ಶೇಕಡ ಕಡಿಮೆ. ಅದರ ಮೇಲೆ ನಾಕಿಂಗ್ ತಪ್ಪಿಸಲು ಇಸಿಯು ಇಗ್ನಿಷನ್ ಟೈಮಿಂಗನ್ನೂ ಹಿಂದೆಳೆಯುತ್ತದೆ. ಕಿಟ್‌ನಿಂದ ಸಿಗಬೇಕಿದ್ದ ನಾಲ್ಕಾರು ಕುದುರೆ ಇಲ್ಲಿಯೇ ಸತ್ತವು.

ಖಾತ್ರಿ ಮಾಡಿಕೊಳ್ಳಲು ಬಳ್ಳಾರಿಯಿಂದ ಕುಡಿತಿನಿ ಕಡೆ ರಾಷ್ಟ್ರೀಯ ಹೆದ್ದಾರಿ 67ರಲ್ಲಿ 80 ಕಿ.ಮೀ. ಸ್ಥಿರ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಐಎಟಿ ದಾಖಲಿಸಿ. ಬದಿಗೆ ನಿಲ್ಲಿಸಿ ಐದು ನಿಮಿಷ ಐಡಲ್‌ನಲ್ಲಿಡಿ, ಅಂಕಿ 20–30 ಏರುತ್ತದೆ, ಅದು ಸಹಜ. ಮತ್ತೆ ಹೊರಟಾಗ ಒಂದೆರಡು ನಿಮಿಷದಲ್ಲಿ ಹೊರಗಿನ ತಾಪಮಾನಕ್ಕಿಂತ ಹೆಚ್ಚೆಂದರೆ 10 ಡಿಗ್ರಿ ಮೇಲಿರುವಷ್ಟಕ್ಕೆ ಇಳಿದರೆ ಫಿಟ್ಟಿಂಗ್ ಸರಿಯಿದೆ. ಓಡುವಾಗಲೂ ಹೊರಗಿನದಕ್ಕಿಂತ 20 ಡಿಗ್ರಿಗೂ ಮೇಲೇ ನಿಂತರೆ ಫಿಲ್ಟರ್ ರೇಡಿಯೇಟರಿನ ಬೆನ್ನಗಾಳಿ ಕುಡಿಯುತ್ತಿದೆ. ಟರ್ಬೊ ಗಾಡಿಯಲ್ಲಿ ಸೆನ್ಸರ್ ಇಂಟರ್‌ಕೂಲರ್ ದಾಟಿ ಕೂತಿದ್ದರೆ ಇನ್ನಷ್ಟು ರಿಯಾಯಿತಿ ಕೊಡಿ.

ಪೈಪಿಗೆ ಬೆಳ್ಳಿ ಬಣ್ಣದ ಹೀಟ್ ಟೇಪ್ ಸುತ್ತಿಸುವುದು ದುಡ್ಡು ದಂಡ. ಸೆಕೆಂಡಿಗೆ 100 ಗ್ರಾಂ ಗಾಳಿ 76 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾಯುತ್ತದೆ, 60 ಸೆಂ.ಮೀ. ಪೈಪನ್ನು ಸೆಕೆಂಡಿನ ನೂರರಲ್ಲಿ ಮೂರು ಪಾಲಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಕಾಯುವುದೆಷ್ಟು? ಫಿಲ್ಟರ್ ಎಲ್ಲಿಂದ ಉಸಿರಾಡುತ್ತದೆ ಎನ್ನುವುದೇ ಮುಖ್ಯ. ಫಿಲ್ಟರಿನ ಸುತ್ತ ಶೀಟಿನ ಗೋಡೆ ಕಟ್ಟಿ, ಮೇಲಂಚಿಗೆ ಬಾನೆಟ್ ಮುಟ್ಟುವಂತೆ ರಬ್ಬರ್ ಬೀಡಿಂಗ್ ಹಾಕಿ, ಸ್ಟಾಕ್ ಸ್ನಾರ್ಕೆಲ್ಲನ್ನು (ಹೊರಗಾಳಿ ತರುವ ಕೊಳವೆ) ಆ ಗೂಡಿಗೇ ಬಿಡಿ.

ಧೂಳು: ಕೋಡ್ ಬಾರದ ದೋಷ

ಸಂಡೂರು–ತೋರಣಗಲ್ಲು ರಸ್ತೆಯ ಕೆಂಪು ಅದಿರಿನ ಪುಡಿ, ರಾಯಚೂರಿನ ಶಕ್ತಿನಗರದ ಹಾರುಬೂದಿ, ಸಿಂಧನೂರು–ಕಾರಟಗಿ–ಗಂಗಾವತಿ ರೈಸ್‌ಮಿಲ್‌ಗಳ ಹೊಟ್ಟು ಸುಟ್ಟ ಬೂದಿ. ಹಾರುಬೂದಿಯಲ್ಲೂ ಹೊಟ್ಟಿನ ಬೂದಿಯಲ್ಲೂ ತುಂಬಿರುವುದು ಸಿಲಿಕಾ. ಪಿಸ್ಟನ್ ರಿಂಗಿಗೆ ಅದು ಮರಳುಕಾಗದ. ಇಲ್ಲಿ ತೆರೆದ ಕೋನ್ ಫಿಲ್ಟರಿಗಿಂತ ಮುಚ್ಚಿದ ಬಾಕ್ಸಿನ ಕಿಟ್, ಎಣ್ಣೆ ಹಚ್ಚುವ ಹತ್ತಿ ಫಿಲ್ಟರಿಗಿಂತ ಒಣ ಸಿಂಥೆಟಿಕ್ ಫಿಲ್ಟರ್ ಮೇಲು. ಎರಡು ಕುದುರೆ ಕಡಿಮೆ ಸಿಕ್ಕರೆ ಸಿಗಲಿ.

ಕಿಟ್ ಹಾಕಿ 200 ಕಿ.ಮೀ. ಓಡಿದ ಮೇಲೆ ಫಿಲ್ಟರ್ ಬಿಚ್ಚಿ, ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಪೈಪಿನ ಒಳಗೋಡೆ ಒರೆಸಿ. ಬಟ್ಟೆ ಬಿಳಿಯಾಗೇ ಬರಬೇಕು. ಇಡೀ ಸುತ್ತು ತೆಳ್ಳಗೆ ಕೆಂಪಾದರೆ ಫಿಲ್ಟರಿನ ಬಟ್ಟೆಯೇ ಧೂಳು ಬಿಡುತ್ತಿದೆ. ಒಂದೇ ಬದಿಗೆ, ಕುಂಕುಮ ಎಳೆದಂತೆ ಗೆರೆ ಬಿದ್ದಿದ್ದರೆ ಆ ಗೆರೆ ಶುರುವಾದ ಜಾಗದಲ್ಲೇ ಸೀಲ್ ಹೋಗಿದೆ. ಫಿಲ್ಟರಿನ ರಬ್ಬರ್ ಕುತ್ತಿಗೆ ಪೈಪಿಗಿಂತ ದೊಡ್ಡ ಅಳತೆಯದಾಗಿ, ಕ್ಲಾಂಪ್ ಬಿಗಿದಾಗ ನಿರಿಗೆ ಬಿದ್ದಿರುತ್ತದೆ. ನಿರಿಗೆಗೆ ಸಿಲಿಕಾನ್ ಪೇಸ್ಟ್ ಬಳಿದು ಮುಚ್ಚಬೇಡಿ, ಸರಿ ಅಳತೆಯ ಫಿಲ್ಟರ್ ತರಿಸಿ.

ಹತ್ತಿ ಫಿಲ್ಟರೇ ಇದ್ದರೆ ತೊಳೆಯುವಾಗ ನೀರು ಒಳಗಿನಿಂದ ಹೊರಕ್ಕೆ, ನಿಧಾನದ ಧಾರೆಯಲ್ಲಿ. ಕಂಪ್ರೆಸರ್ ಗಾಳಿ ಹಾಯಿಸಿದರೆ ಎಳೆ ಹರಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಲಿ. ಎಣ್ಣೆಯನ್ನು ಮಡಿಕೆಯ ನೆತ್ತಿಗಷ್ಟೇ ತೆಳ್ಳಗೆ ಹಾಕಿ, 20 ನಿಮಿಷ ಹರಡಲು ಬಿಟ್ಟು, ಹೆಚ್ಚಾದುದನ್ನು ಒತ್ತಿ ತೆಗೆಯಿರಿ. ತೊಟ್ಟಿಕ್ಕುವಷ್ಟು ಸುರಿದರೆ ಎಣ್ಣೆ ಹಾರಿ ಮ್ಯಾಫ್ ತಂತಿಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಮೇಲೆ ಹೇಳಿದ, ಐಡಲ್‌ನಲ್ಲಿ ಸರಿ, ಲೋಡಿನಲ್ಲಿ ಲೀನ್ ಎಂಬ ದೋಷ ಹುಟ್ಟುವುದು ಹೀಗೆ. ಆಗ ಮ್ಯಾಫ್ ಬಿಚ್ಚಿ ಅದಕ್ಕೆಂದೇ ಇರುವ ಕ್ಲೀನರಿನಿಂದ ಒಂದು ಗೇಣು ದೂರದಿಂದ ಎಂಟು-ಹತ್ತು ಸಲ ಸ್ಪ್ರೇ ಮಾಡಿ, 20 ನಿಮಿಷ ಒಣಗಿಸಿ ಹಾಕಿ. ಕಾರ್ಬ್ ಕ್ಲೀನರ್, ಇಯರ್‌ಬಡ್, ಬ್ರಷ್ ಯಾವುದೂ ಬೇಡ. ತಂತಿ ಕೂದಲಿಗಿಂತ ನಾಜೂಕು.

ಹೆದ್ದಾರಿ ಓಟಕ್ಕೆ ಬರೆದ ಸರ್ವಿಸ್ ಅವಧಿಯನ್ನು ಇಲ್ಲಿ ನಂಬಬೇಡಿ. ಪ್ರತಿ 3,000 ಕಿ.ಮೀ.ಗೆ ತೆರೆದು ನೋಡಿ, ಅದಿರಿನ ಲಾರಿಗಳ ಹಿಂದೆ ದಿನಾ ಓಡುವ ಗಾಡಿಯಾದರೆ ಅರ್ಧಕ್ಕೇ.

ನೀರು

ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವ ಕಿಟ್ ತಂಪುಗಾಳಿ ಕೊಡುತ್ತದೆ, ನಿಜ. ಆದರೆ ಮಳೆ ಹೊಡೆದ ದಿನ ರೈಲ್ವೆ ಕೆಳಸೇತುವೆಯಲ್ಲಿ ನಿಂತ ನೀರು ಅದೇ ಎತ್ತರಕ್ಕೆ ಬರುತ್ತದೆ. ನೀರಿನಲ್ಲಿ ಗಾಡಿ ಬಂದ್ ಬಿದ್ದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರತಂದು, ಫಿಲ್ಟರ್ ಒದ್ದೆಯಿದೆಯೇ ನೋಡಿ. ಒದ್ದೆಯಿದ್ದರೆ ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ ಇಂಜಿನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ.

ರಿಪೇರಿ ಆದ ಮೇಲೆ

ಈಗ ಕೋಡ್ ಅಳಿಸಿ. ಹತ್ತು ನಿಮಿಷ ಐಡಲ್, ಐದು ನಿಮಿಷ ಎಸಿ ಹಾಕಿ ಐಡಲ್, ಆಮೇಲೆ ಊರೊಳಗೆ ಮತ್ತು ಹೆದ್ದಾರಿಯಲ್ಲಿ ಸೇರಿ 60–80 ಕಿ.ಮೀ. ಓಡಿಸಿ. ಅಳಿಸಿದ ಕೂಡಲೆ ಲಾಂಗ್ ಟ್ರಿಮ್ ಸೊನ್ನೆ ತೋರಿಸುವುದು ಇಸಿಯು ಹೊಸದಾಗಿ ಕಲಿಯುತ್ತಿರುವುದರಿಂದ, ಅದನ್ನು ನೋಡಿ ಗಾಡಿ ಕೊಟ್ಟುಬಿಡಬೇಡಿ. ಓಟ ಮುಗಿಸಿ ಬಂದ ಮೇಲೆ ಮೊತ್ತ 5ರೊಳಗೆ ನಿಂತಿದ್ದರೆ ಸರಿ. ಇಂಜಿನ್ ತಣ್ಣಗಾದ ಮೇಲೆ ಎಲ್ಲ ಕ್ಲಾಂಪನ್ನೂ ಇನ್ನೊಮ್ಮೆ ಕೈಯಲ್ಲಿ ಬಿಗಿದು ನೋಡಿ. ಮೊದಲ ಕಾವಿಗೆ ಸಿಲಿಕಾನ್ ಕೂತುಕೊಂಡು ಪ್ರತಿಯೊಂದೂ ಕಾಲು ಸುತ್ತಿನಿಂದ ಅರ್ಧ ಸುತ್ತು ತಿರುಗುತ್ತದೆ.